ಎಡಗಾಲು

ಗೇರ್‌ಬಾಕ್ಸು ಇಳಿಸಿ ಗೋಣಿಚೀಲದ ಮೇಲೆ ಮಲಗಿಸಿದ್ದಾರೆ ದಸ್ತಗೀರ್.
ಚಿಂತಾಮಣಿ, ಬೆಂಗಳೂರು ರಸ್ತೆ, ಬೆಳಿಗ್ಗೆ ಹತ್ತೂವರೆ.
ಟೊಮೇಟೊ ಕ್ರೇಟಿನ ಗಾಡಿಗಳು ಹಾರನ್ ಹೊಡೆಯುತ್ತಾ ಹೋಗುತ್ತಿವೆ.
ನಾನು ಪಂಕ್ಚರ್ ತೊಟ್ಟಿಯ ಪಕ್ಕ, ಸ್ಟೂಲಿನ ಮೇಲೆ,
ಆಪರೇಷನ್ನಿಗೆ ಕಳಿಸಿ ಹೊರಗೆ ಕೂತವರ ಹಾಗೆ
ಕೈಚೀಲ ಮಡಿಲಲ್ಲಿಟ್ಟುಕೊಂಡು.

ಕ್ಲಚ್ ಪ್ಲೇಟು ಕೈಗೆ ಕೊಟ್ಟರು.
ರಿವೆಟ್ಟಿನ ತಲೆ ಕಾಣುವಷ್ಟು ಸವೆದಿದೆ,
ಸೀದ ಮೆಂತ್ಯದ ವಾಸನೆ.
ಫ್ಲೈವೀಲಿನ ಮುಖದ ತುಂಬ ನೀಲಿ ಮಚ್ಚೆ,
ಕೂದಲೆಳೆಯಂಥ ಬಿರುಕು ಒಂದು, ಅಲ್ಲ, ಎರಡು.
ಉಗುರಾಡಿಸಿದರೆ ತಡೆಯುತ್ತದೆ.

ಎಂಟು ವರ್ಷ. ಎಷ್ಟೊಂದು ಎಡಗಾಲು ಈ ಕಾರಿನೊಳಗೆ!
ಹವಾಯಿ ಚಪ್ಪಲಿಯ ಕಾಲು, ಮೆಹಂದಿ ಆರದ ಕಾಲು,
ಕಾಲುಂಗುರ ಪೆಡಲ್ಲಿಗೆ ತಗುಲಿ ಟಿಣ್ಣೆಂದ ಕಾಲು.
ರಾತ್ರಿಪಾಳಿ ಮುಗಿಸಿ ಬಂದು
ಆಕಳಿಸುತ್ತಲೇ ರಿವರ್ಸ್ ಕಲಿತ ನರ್ಸ್ ಗ್ರೇಸಮ್ಮ.
ರೇಷ್ಮೆ ಗೂಡಿನ ಬಿಸಿನೀರಲ್ಲಿ ಬೆರಳು ಬೆಂದು
ಗೇರ್ ಗುಂಡು ಹಿಡಿದರೆ ಉರಿಯುತ್ತೆ ಎಂದ ಮುನೀರಾ.
ಅರವತ್ತೊಂದರ ಪಿಳ್ಳಮ್ಮ,
‘ಟ್ರ್ಯಾಕ್ಟ್ರೇ ಓಡ್ಸಿವ್ನಿ, ಇದೇನ್ ಮಹಾ’ ಎಂದು ಹತ್ತಿ
ಕೈಲಾಸಗಿರಿಯ ಏರಿನಲ್ಲಿ ಹಿಂದಕ್ಕೆ ಜಾರಿದಾಗ
ಸ್ಟೀರಿಂಗ್ ಬಿಟ್ಟು ಬೆಟ್ಟಕ್ಕೆ ಕೈಮುಗಿದವರು.

‘ಇವರೆಲ್ಲ ಸೇರಿ ತಿಂದು ಹಾಕಿದರು’ ಅಂದೆ,
ಬೆಲೆ ಕೇಳುವ ಮೊದಲೇ.

ದಸ್ತಗೀರ್ ಕೈ ಒರೆಸಿಕೊಂಡು ಕಾರಿನೊಳಗೆ ಬಗ್ಗಿದರು.
ಕಲಿಯುವವರ ಕ್ಲಚ್ಚಿನ ರಬ್ಬರು
ಸವೆದಿದೆ, ಆದರೂ ಗೆರೆ ಕಾಣುತ್ತದೆ.
ಪಕ್ಕದ ಸೀಟಿನ ಕೆಳಗೆ ನನಗೆಂದೇ ಕೂರಿಸಿದ ಇನ್ನೊಂದು ಪೆಡಲ್ಲು:
ಅದರಲ್ಲಿ ರಬ್ಬರೇ ಇಲ್ಲ. ಹೊಳೆಯುವ ಬೋಳು ಕಬ್ಬಿಣ.
‘ಅವ್ರು ಒತ್ತಿ ಬಿಡ್ತಾರೆ ಮೇಡಂ.
ನೀವು ಬಿಡೋದೇ ಇಲ್ಲ.’

ರಸ್ತೆ ಕಡೆ ನೋಡಿದೆ.
ಒತ್ತದ ಕಾಲು ಅದು, ಸುಮ್ಮನೆ ಮೇಲಿಟ್ಟ ಕಾಲು,
ಬಿಲದ ಮುಂದೆ ಬೆಕ್ಕು ಕೂತ ಹಾಗೆ.
‘ಬಿಡಿ, ನಿಧಾನಕ್ಕೆ ಬಿಡಿ’ ಎಂದು ದಿನಕ್ಕೆ ನೂರು ಸಲ
ಬಾಯಿ ಹೇಳುತ್ತಿದ್ದಾಗ
ಕೆಳಗೆ ಕತ್ತಲಲ್ಲಿ ಅದು ಬಿಡುತ್ತಿರಲಿಲ್ಲ.

ಈಗ ಯಾವುದು ಹಾಕಿಸುವುದು?
ನಾಗಲಿಂಗಾಚಾರಿ ಲೇತಿನಲ್ಲಿ ಮುಖ ಸವರಿ ಕೊಡುತ್ತಾರೆ,
ದುಡ್ಡು ಉಳಿಯುತ್ತದೆ. ಬಿರುಕು ಎಷ್ಟು ಆಳವೋ, ಅವರೂ ಹೇಳಲಾರರು.
ಗುಜರಿಯಲ್ಲೊಂದಿದೆ, ಯಾವ ಕಾರಿನದೋ, ಏನಾದ ಕಾರಿನದೋ.
ದಸ್ತಗೀರರ ಮಗ ಅಫ್ರೋಜ್ ಮೊಬೈಲು ಮುಂದೆ ಹಿಡಿದ:
‘ಇದು ನೋಡಿ ಆಂಟಿ, ಹಗುರದ್ದು. ಸುತ್ತ ಕೊರೆದು ತೂಕ ಇಳಿಸವ್ರೆ.
ಆಕ್ಸಿಲೇಟರ್ ಮುಟ್ಟಿದ್ರೆ ಸಾಕು, ರೊಯ್ಯಂತ ಏರ್ತೈತೆ.’
‘ಬಿಟ್ಟರೆ?’
‘ಅಷ್ಟೇ ಬೇಗ ಬೀಳ್ತೈತೆ.’

ಎದುರುಮನೆ ಮುನೆಕ್ಕನ ರಾಗಿಕಲ್ಲು ನೆನಪಾಯಿತು.
ಗೂಟದಿಂದ ಕೈ ತೆಗೆದರೂ ಅರ್ಧ ಸುತ್ತು ತಾನೇ ತಿರುಗುತ್ತಿತ್ತು;
ಅಷ್ಟರಲ್ಲಿ ಅವಳು ಒಂದು ಹಿಡಿ ರಾಗಿ ಹುಯ್ಯುತ್ತಿದ್ದಳು,
ಜಡೆ ಹಿಂದಕ್ಕೆಸೆಯುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು.
ಆರು ವರ್ಷದ ನನ್ನ ಕೈಯ ತಳ್ಳನ್ನೂ
ಕಲ್ಲು ಲೆಕ್ಕಕ್ಕೆ ಹಿಡಿಯುತ್ತಿತ್ತು.

‘ಭಾರದ್ದೇ ಹಾಕಿ’ ಅಂದೆ. ‘ಕಂಪನಿಯದೇ.
ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲಾ ಒಟ್ಟಿಗೆ.
ಮತ್ತೆ ಬಿಚ್ಚೋದು ಬೇಡ.’
ಚೀಟಿ ಎತ್ತಿದ ದುಡ್ಡು ಎಣಿಸಿದೆ. ಫ್ರಿಜ್ಜು ಮುಂದಿನ ವರ್ಷಕ್ಕೆ.
ಹಳೆಯ ಫ್ಲೈವೀಲನ್ನು ಅಫ್ರೋಜ್ ಬಾಗಿಲಿಗೆ ಅಡ್ಡ ಇಟ್ಟ,
ಗಾಳಿಗೆ ಹೊಡೆದುಕೊಳ್ಳದಿರಲಿ ಎಂದು.

ಶನಿವಾರ ಮತ್ತದೇ ಏರು.
ಪಿಳ್ಳಮ್ಮ ಸೆರಗು ಬಿಗಿದು ಕೂತರು.
ನಾನು ಎಡ ಚಪ್ಪಲಿ ಬಿಚ್ಚಿ
ಕಾಲು ಮಡಚಿ ತೊಡೆಯ ಕೆಳಗೆ ಸೇರಿಸಿದೆ.
(ಬಲಗಾಲು ಬ್ರೇಕಿನ ಹತ್ತಿರವೇ. ಅಷ್ಟು ದೊಡ್ಡವಳಲ್ಲ ನಾನು.)
ಕಾರು ನಾಲ್ಕು ಬೆರಳು ಹಿಂದೆ ಸರಿಯಿತು,
ಇಂಜಿನ್ ಗಂಟಲು ಕಟ್ಟಿದಂತೆ ಒಮ್ಮೆ ನಡುಗಿ
ಹಿಡಿಯಿತು. ಹತ್ತಿತು.

‘ನೀವೇ ಒತ್ತಿದ್ರಿ ಅಲ್ವಾ?’ ಅಂದರು ಪಿಳ್ಳಮ್ಮ.
ಮಡಚಿದ ಕಾಲು ಜೋಮು ಹಿಡಿದಿತ್ತು, ತೋರಿಸಿದೆ.
ಅವರು ನಂಬಲಿಲ್ಲ.